ಅಜ್ಜಿ ಮನಿ ಅಟ್ಟದಾಗ ಸಿಕ್ಕ ಗಲೀಚ, ಜಮಖಾನಿ: ಯಾವ ಕಾಲದ್ದು, ಯಾವೂರಿಂದು?

ಅಟ್ಟದ ಸಾಮಾನು (ಕೊಪ್ಪಳ) · ಭಾನುವಾರ ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಅಜ್ಜಿ ತೀರಿಕೊಂಡು ಹನ್ನೊಂದು ತಿಂಗಳಾತು. ವರ್ಷದ ದಿನ ಹತ್ರ ಬಂತು ಅಂತ ಹಳೇ ಮನಿ ಬಳದು ಸಾರ್ಸಾಕ ಹೋಗಿದ್ವಿ. ಅಟ್ಟದ ಮ್ಯಾಲ ಒಂದು ದೊಡ್ಡ ಸುರಳಿ ಇತ್ತು. ಬಿಚ್ಚಿ ನೋಡಿದ್ರ ಹೊರಗ ಜಮಖಾನಿ, ಅದರೊಳಗ ಸುತ್ತಿಟ್ಟ ಗಲೀಚ, ಅಂದ್ರ ರತ್ನಗಂಬಳಿ. ನಡುವ ಬೇವಿನ ಎಲಿ, ಮುಟ್ಟಿದ್ರ ಪುಡಿ.

ಗಲೀಚ ಆರು ಅಡಿ, ನಾಕು ಅಡಿ. ಕೆಂಪು ನೆಲದ ಮ್ಯಾಲ ಆನಿ ಪಾದದಂಥ ಎಂಟು ಮೂಲಿ ಗುರುತು ಸಾಲಾಗಿ ಅದಾವು. ಜಮಖಾನಿ ಬಾಳ ದೊಡ್ಡದು, ಹದಿನಾಲ್ಕು ಅಡಿ ಉದ್ದ. ನೀಲಿ, ಬಿಳಿ, ಮಾಸಿದ ಕೆಂಪು ಪಟ್ಟಿ, ಅಷ್ಟ.

ನಮ್ಮ ದೊಡ್ಡಪ್ಪಗ ಪರಿಚಯದ ಒಬ್ಬ ವ್ಯಾಪಾರಿ ಹೈದರಾಬಾದಿನಿಂದ ಬಂದು ನೋಡಿ ಹೋದ. "ಇದು ಅಸಲಿ ಬುಖಾರಾ, 150 ವರ್ಷದ್ದು, 40 ಸಾವಿರ ಕೊಡ್ತೀನಿ" ಅಂದ. ಕಡೀಕ ಹೋಗೋ ಮುಂದ "ಸುತ್ತಿ ಒಯ್ಯಾಕ ಆ ಜಮಖಾನಿನೂ ಹಂಗ ಕೊಟ್ಟುಬಿಡ್ರಿ" ಅಂದ. ಅದು ನನ್ನ ತಲ್ಯಾಗ ಕುಂತೈತಿ. ಕೊಡಬೇಕೋ ಬ್ಯಾಡೋ? ತಿಳದಾವ್ರು ಹೇಳ್ರಿ.

ಸುಮ್ನೆ ಓದುಗ · 9:52

40 ಸಾವಿರ ಅಂದ್ರೆ ಕೊಟ್ಟುಬಿಡಿ ಸಾರ್. ಇಲ್ಲಿ ಕೇಳ್ತಾ ಕೂತ್ರೆ ಇಲಿ ತಿಂತದೆ.

ಬೆನ್ನು ನೋಡಪ್ಪ (ಹೊಸಪೇಟೆ) · 11:15

ಕೊಡಬೇಡಿ, ಇಟ್ಟುಕೊಳ್ಳಿ ಅಂತಲೂ ಹೇಳಲ್ಲ. ಮೊದಲು ಮಗುಚಿ ಹಾಕಿ. ನನ್ನ ಹೆಸರು ನೋಡಿದರೆ ಗೊತ್ತಾಗಬೇಕಲ್ಲ, ಬ್ಯಾಂಕ್ ಕೆಲಸದಲ್ಲಿದ್ದಾಗ ವರ್ಗವಾದ ಊರಲ್ಲೆಲ್ಲ ನಾನು ಮಾಡಿದ ಹುಚ್ಚು ಇದೊಂದೇ. ಮುಖ ನೋಡಿ ಮಾರುತ್ತಾರೆ, ಬೆನ್ನು ನೋಡಿ ಕೊಳ್ಳಬೇಕು.

ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿಯಾದರೆ ಮುಖದ ಚಿತ್ರ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ, ಒಂದೊಂದು ಗಂಟೂ ಜೋಳದ ಕಾಳಿನ ಹಾಗೆ ಎಣಿಸಲು ಸಿಗುತ್ತದೆ. ಸಾಲುಗಳು ಪೂರ್ತಿ ನೆಟ್ಟಗಿರುವುದಿಲ್ಲ. ತೀರಾ ನೆಟ್ಟಗೆ, ಎಲ್ಲವೂ ಒಂದೇ ಅಳತೆಯಾಗಿದ್ದರೆ ಯಂತ್ರದ್ದು. ಹಿಂದೆ ಬಟ್ಟೆ ಅಂಟಿಸಿದ್ದರೆ ಗಂಟೇ ಇಲ್ಲ, ಪಿಸ್ತೂಲಿನಂಥ ಯಂತ್ರದಿಂದ ಉಣ್ಣೆ ಚುಚ್ಚಿ ರಬ್ಬರ್ ಅಂಟು ಬಳಿದದ್ದು.

ಆಮೇಲೆ ಕುಚ್ಚು. ಅದು ಹಾಸು ನೂಲಿನದೇ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲಿನದೇ ತುದಿ ಆಗಿರಬೇಕು, ಒಳಗಿಂದ ಬಂದಿರಬೇಕು. ಬೇರೆ ತಂದು ಹೊಲಿದಿದ್ದರೆ ಅನುಮಾನ ಇರಲಿ.

ಹಾಸಿನ ಒಂದು ಎಳೆ, ಮುಖದ ಒಂದು ಎಳೆ ಬಿಡಿಸಿ ಬೇರೆ ಬೇರೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟಂತೆ ನಾರುತ್ತದೆ, ಹತ್ತಿ ಕಾಗದ ಸುಟ್ಟಂತೆ. ಕರಗಿ ಗಟ್ಟಿ ಗುಂಡಾದರೆ ನೈಲಾನ್ ಜಾತಿ. ಒದ್ದೆ ಬಿಳಿ ಬಟ್ಟೆ ತಗೊಂಡು ಕೆಂಪಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ, ಬಣ್ಣ ಹತ್ತುತ್ತದೋ ನೋಡಿ. ಕೊನೆಗೆ ಒಂದು ಇಂಚಿಗೆ ಅಡ್ಡಡ್ಡ ಎಷ್ಟು ಗಂಟು, ಉದ್ದುದ್ದ ಎಷ್ಟು, ಸ್ಕೇಲು ಇಟ್ಟು ಎಣಿಸಿ.

ಇಷ್ಟು ಮಾಡಿ ಬರೆಯಿರಿ. ಫೋಟೋ ಬೆನ್ನಿನದೇ ಹಾಕಿ.

ಬಳ್ಳಾರಿ ಬಿಸ್ಲು · 11:40

ಆ ಅಂಟು ಬಳಿದಿದ್ದು ನಮ್ಮನೇಲೇ ಐತೆ, ತಗೊಳ್ರಿ. ಐದು ವರ್ಷದ ಹಿಂದೆ ನಮ್ಮೂರ ಕಲ್ಯಾಣಮಂಟಪದಾಗೆ ಯಾರೋ ಮೂರು ದಿನದ ಮಾರಾಟ ಇಟ್ಟಿದ್ರು. "ಕೈಯಿಂದ ಮಾಡಿದ್ದು" ಅಂತ ಬೋರ್ಡು. 38 ಸಾವಿರ ಕೊಟ್ಟೆ. ಎರಡನೇ ಬೇಸಿಗೆಗೆ ಹಿಂದಿನ ರಬ್ಬರ್ ಒಣಗಿ ಪುಡಿ ಉದುರೋಕೆ ಶುರು ಆಯ್ತು, ಮನೆ ತುಂಬ ಹಳೇ ಟಯರ್ ಅಂಗಡಿ ವಾಸನೆ. ಬೋರ್ಡು ಸುಳ್ಳು ಹೇಳಿರಲಿಲ್ಲ ನೋಡ್ರಿ, ಆ ಪಿಸ್ತೂಲು ಹಿಡಿಯೋದೂ ಕೈಯೇ!

ಅಟ್ಟದ ಸಾಮಾನು · ಭಾನುವಾರ ಸಂಜೆ 6:20

ಮಾಡೀನ್ರಿ. ಬೆನ್ನಾಗ ಚಿತ್ರ ಚಂದ ಕಾಣ್ತೈತಿ, ಗಂಟು ಅದಾವು. ಕುಚ್ಚು ಒಳಗಿಂದನ ಬಂದೈತಿ. ಮುಖದ ಎಳಿ ಕೂದಲ ವಾಸನಿ, ಹಾಸಿಂದು ಕಾಗದದ ವಾಸನಿ. ಅಡ್ಡಕ್ಕ 9, ಉದ್ದಕ್ಕ 10. ಬಿಳಿ ಬಟ್ಟಿ ಮಾತ್ರ ಗುಲಾಬಿ ಆತು. ನಮ್ಮವ್ವ ನೋಡಿ "ಕುಂಕುಮ ಒರಸೀ ಏನೋ" ಅಂದ್ಲು.

ಬೆನ್ನು ನೋಡಪ್ಪ · ಭಾನುವಾರ ರಾತ್ರಿ 8:05

ನಿಮ್ಮದು ನಿಜವಾದ ಕೈಗಂಟಿನದು. ಮೊದಲು ಅದಕ್ಕೆ ಸಂತೋಷಪಡಿ. ಆದರೆ ಬುಖಾರಾ ಅಲ್ಲ, 150 ವರ್ಷವೂ ಅಲ್ಲ.

ಬುಖಾರಾ ಎನ್ನುವುದು ನೇಯ್ದ ಊರಿನ ಹೆಸರಲ್ಲ, ಸಂತೆಯ ಹೆಸರು. ಮಧ್ಯ ಏಷ್ಯಾದ ತುರ್ಕಮೆನ್ ಬುಡಕಟ್ಟಿನ ಹೆಂಗಸರು ನೇಯ್ದದ್ದು ಬುಖಾರಾ ಪೇಟೆಗೆ ಬಂದು ಮಾರಾಟವಾಗುತ್ತಿತ್ತು, ಕೊಂಡವರು ಆ ಹೆಸರೇ ಇಟ್ಟರು. ಬ್ಯಾಡಗಿ ಮೆಣಸಿನಕಾಯಿಯನ್ನೆಲ್ಲ ಬ್ಯಾಡಗಿಯಲ್ಲೇ ಬೆಳೆಯುತ್ತಾರಾ? ಹಾಗೆ. ನೀವು ಹೇಳುವ ಆನೆಪಾದಕ್ಕೆ ಅವರು 'ಗುಲ್' ಎನ್ನುತ್ತಾರೆ. ತೆಕ್ಕೆ, ಯೋಮುದ್, ಎರ್ಸಾರಿ, ಒಂದೊಂದು ಕುಲಕ್ಕೂ ಬೇರೆ ಬೇರೆ ಗುಲ್. ಕುರಿ ಕಾಯುವ ಜನ, ಹತ್ತಿ ಎಲ್ಲಿಂದ ತರಬೇಕು? ಅವರ ಹಳೆಯ ನೇಯ್ಗೆಯಲ್ಲಿ ಹಾಸೂ ಉಣ್ಣೆ, ಇಲ್ಲವೇ ಮೇಕೆಯ ಕೂದಲು. ನಿಮ್ಮ ಹಾಸು ಹತ್ತಿ. ಅಲ್ಲಿಗೆ ಮುಗಿಯಿತು. ಈ ಮಾದರಿಯನ್ನು ಹತ್ತಿ ಹಾಸಿನ ಮೇಲೆ ಪಾಕಿಸ್ತಾನದಲ್ಲಿ, ನಮ್ಮ ದೇಶದಲ್ಲಿ ರಾಶಿ ರಾಶಿ ನೇಯ್ದಿದ್ದಾರೆ. ಹೆಚ್ಚಿನವು 1947ರ ಈಚಿನವು.

ಕೆಂಪು ಬಿಟ್ಟದ್ದು ಎರಡನೇ ಸಾಕ್ಷಿ. ಮಂಜಿಷ್ಠದ ಬೇರಿನ ಕೆಂಪನ್ನು ಪಟಿಕ ಕೊಟ್ಟು ಸರಿಯಾಗಿ ಹಾಕಿದ್ದರೆ ಒದ್ದೆ ಬಟ್ಟೆಗೆ ಹೀಗೆ ಹತ್ತುವುದಿಲ್ಲ. 1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ಹುಡುಗ ಕೊಯ್ನಾ ಔಷಧಿ ಮಾಡಲು ಹೋಗಿ ಕಲ್ಲಿದ್ದಲಿನ ಡಾಂಬರಿನಿಂದ ನೇರಳೆ ಬಣ್ಣ ತೆಗೆದ. ಅಲ್ಲಿಂದ ಮುಂದೆ ಡಬ್ಬಿ ಬಣ್ಣಗಳು ಮಗ್ಗದ ಮನೆಗಳಿಗೆಲ್ಲ ನುಗ್ಗಿದವು. ಮೊದಮೊದಲು ಬಂದವು ಬಿಸಿಲಿಗೆ ಮಾಸುತ್ತಿದ್ದವು, ನೀರಿಗೆ ಬಿಡುತ್ತಿದ್ದವು. ಒಂದು ಕಡೆ ಎಳೆಗಳನ್ನು ಬಿಡಿಸಿ ಬುಡ ನೋಡಿ. ತುದಿ ಮಂಕು, ಬುಡ ಕಣ್ಣು ಕುಕ್ಕುವ ಕೆಂಪು ಇದ್ದರೆ ಡಬ್ಬಿ ಬಣ್ಣ.

ಹಾಗಂತ ಕಸ ಅಂದುಕೊಳ್ಳಬೇಡಿ. 9ಕ್ಕೆ 10 ಅಂದರೆ ಚದರ ಇಂಚಿಗೆ 90. ನಿಮ್ಮದು 72 ಇಂಚು ಉದ್ದ, 48 ಅಗಲ, ಲೆಕ್ಕ ಹಾಕಿದರೆ 3,11,040 ಗಂಟು. ದಿನಕ್ಕೆ ಆರು ಸಾವಿರ ಗಂಟು ಹಾಕುವ ಕೈ ಅಂತ ಇಟ್ಟುಕೊಂಡರೂ 52 ದಿನ ಯಾರೋ ಬೆನ್ನು ಬಗ್ಗಿಸಿದ್ದಾರೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಅರ್ದಬೀಲ್ ರತ್ನಗಂಬಳಿ ಇದೆ, ಹತ್ತೂವರೆ ಮೀಟರ್ ಉದ್ದ. ಅದರಲ್ಲಿ ಸುಮಾರು 2.6 ಕೋಟಿ ಗಂಟು. ತುದಿಯಲ್ಲಿ ಮಕ್ಸೂದ್ ಕಾಶಾನಿ ಎಂಬ ಹೆಸರು, ಹಿಜರಿ 946 ಎಂಬ ವರ್ಷ ನೇಯ್ದಿದ್ದಾರೆ, ಅಂದರೆ 1539-40. 1893ರಲ್ಲಿ ಅದನ್ನು ಮ್ಯೂಸಿಯಂ ಕೊಳ್ಳುವ ಮೊದಲೇ ಅದರ ಜೋಡಿಯನ್ನೇ ಕತ್ತರಿಸಿ ಇದರ ಹರಕು ಮುಚ್ಚಿದ್ದರು. ಆ ಮೊಟಕಾದ ಜೋಡಿ ಈಗ ಲಾಸ್ ಏಂಜಲೀಸ್‌ನಲ್ಲಿದೆ. ಈ ಕಥೆ ಓದಿದ ದಿನದಿಂದ ನನಗೆ 'ಪೂರ್ತಿ ಸರಿಯಾಗಿರುವ ಹಳೆಯ ರತ್ನಗಂಬಳಿ' ಎಂದರೆ ನಂಬಿಕೆ ಬರುವುದಿಲ್ಲ.

ಹಿಂಡಿನ ಹಿಂದ (ಕುಷ್ಟಗಿ) · ರಾತ್ರಿ 9:30

ಎಲ್ಲಾ ಓದೀನ್ರಿ. ಇಂಗ್ಲೆಂಡ್ ಆತು, ಬುಖಾರಾ ಆತು, ಪಾಕಿಸ್ತಾನ ಆತು. ನಮ್ಮ ಕರಿ ಕಂಬಳಿ ಯಾವಾಗ ಬರ್ತೈತಿ ಅಂತ ಕಾಯ್ಕೊಂತ ಕುಂತೀನಿ. ದೇವರ ಮುಂದ ಹಾಸ್ತೀರಿ, ಮದಿವ್ಯಾಗ ಗದ್ದಿಗಿ ಹಾಕ್ತೀರಿ, ಬೆಲಿ ಮಾತ್ರ ಮುನ್ನೂರಕ್ಕ ಕೊಡ್ತೀಯಾ ಅಂತೀರಿ.

ನಮ್ಮ ಅಜ್ಜ ನೇಯ್ತಿದ್ದ. ಡೆಕ್ಕನಿ ಕುರಿ ಉಣ್ಣಿ, ಬಣ್ಣನ ಬ್ಯಾಡ, ಕುರಿ ಕರಿ ಅಂದ್ರ ಕಂಬಳಿ ಕರಿ. ಕತ್ತರಿಸಿ, ಬಿಲ್ಲಿಗೆ ಹಾಕಿ ಹಿಂಜಿ, ಅಮ್ಮ ನೂತು ಕೊಡ್ತಿದ್ಲು. ಹುಣಸಿ ಬೀಜ ಅರದು ಗಂಜಿ ಮಾಡಿ ಹಾಸಿನ ನೂಲಿಗೆ ಬಳೀತಿದ್ರು, ಗಂಜಿ ಕುಡದ ನೂಲು ತಂತಿ ಹಂಗ ಬಿಗೀತಿತ್ತು. ಹೊಸಾ ಕಂಬಳಿ ಹೊತ್ಕೊಂಡು ಮಳ್ಯಾಗ ನಿಂತ್ರ ನೀರು ಒಳಗ ಇಳಿಯಂಗಿಲ್ಲ. ನಿಮ್ಮ ರತ್ನಗಂಬಳಿ ಹೊತ್ಕೊಂಡು ಒಮ್ಮಿ ನಿಂದ್ರಿ ನೋಡೋಣು.

ಬೆನ್ನು ನೋಡಪ್ಪ · 9:48

ನಿಂತಿದ್ದೇನೆ ಅಣ್ಣ, 1998ರಲ್ಲಿ, ಮನೆ ಸೋರಿ. ನೀವು ಗೆದ್ದಿರಿ.

ತಮಾಷೆ ಬಿಟ್ಟು ಹೇಳುತ್ತೇನೆ, ನಿಮ್ಮ ಅಜ್ಜ ನೇಯ್ದದ್ದು ಒಂದಾದರೂ ಉಳಿದಿದ್ದರೆ ಕೊಡಬೇಡಿ, ಚಳ್ಳಕೆರೆ ಸಂತೆಗೂ ಒಯ್ಯಬೇಡಿ. ಕೈಯಲ್ಲಿ ನೂತ ಡೆಕ್ಕನಿ ಉಣ್ಣೆಯ ಕಂಬಳಿ ಈಗ ಗಂಟಿನ ಗಲೀಚಕ್ಕಿಂತ ಅಪರೂಪ ಆಗುತ್ತಿದೆ. ಉಣ್ಣೆಗಿಂತ ಮಾಂಸಕ್ಕೆ ಬೆಲೆ ಅಂತ ಸಾಕುವ ಕುರಿಯ ಜಾತಿಯೇ ಬದಲಾಯಿತು.

ರಾಯಚೂರು ಕಾಗದ · ಸೋಮವಾರ ಬೆಳಿಗ್ಗೆ 7:10

ಬೆನ್ನು ನೋಡಪ್ಪನವರು ಊರೆಲ್ಲಾ ಸುತ್ತಿ ಬಂದ್ರು, ನಮ್ಮ ದಖ್ಖನ್ ಮಾತ್ರ ಬಿಟ್ರು. ವಿಜಯಪುರಕ್ಕ ಹೋದಾಗ ಗೋಲ ಗುಮ್ಮಟ ಹತ್ತಿ ಕೂಗಿ ಇಳದು ಬರ್ತೀವಿ, ಮುಂದ ನಗಾರಖಾನಿಯಾಗಿನ ಮ್ಯೂಸಿಯಂ ಯಾರೂ ನೋಡಂಗಿಲ್ಲ. ಅಸರ್ ಮಹಲಿನಾಗ ಇದ್ದ ಆದಿಲಶಾಹಿ ಕಾಲದ ರತ್ನಗಂಬಳಿಗಳು ಅಲ್ಲಿ ಅವ. ಒಂದ್ರಾಗ ಕಮಾನು ಸಾಲಾಗಿ ಅವ, ಒಬ್ಬೊಬ್ಬರಿಗೆ ಒಂದೊಂದು ಕಮಾನು, ಸಾಲಾಗಿ ನಿಂತು ನಮಾಜು ಮಾಡಲಿಕ್ಕ.

ಇನ್ನೊಂದು ಕೇಳ್ರಿ. ಜಪಾನಿನ ಕ್ಯೋಟೋದಾಗ ಜುಲೈ ತಿಂಗಳ ಗಿಯೋನ್ ಹಬ್ಬ ಅಂತ ಆಗ್ತದ, ನಮ್ಮ ತೇರಿನಂಗ ದೊಡ್ಡ ದೊಡ್ಡ ರಥ ಎಳೀತಾರ. ಆ ರಥದ ಮೈಗೆ ಹೊದಿಸೋ ಹಳೇ ಬಟ್ಟಿಯೊಳಗ ದಖ್ಖನದ ರತ್ನಗಂಬಳಿನೂ ಅವ. ಡಚ್ ಕಂಪನಿ ಹಡಗಿನಾಗ ಹೋದವು. ನಮ್ಮಲ್ಲಿ ನೆಲಕ್ಕ ಹಾಸಿ ಹರದು ಹೋದವು, ಅಲ್ಲಿ ತೇರಿಗೆ ಹೊದಿಸಿದ್ದಕ್ಕ ಉಳದವು.

ಇನ್ನ ಜಮಖಾನಿ ವಿಷಯ. ಕೊಪ್ಪಳ ಅಂದ್ರ ಸಾಲಾರ್ ಜಂಗ್ ಜಹಗೀರು, ನಿಜಾಮ ರಾಜ್ಯದ ಒಳಗ. ಅದೇ ರಾಜ್ಯದಾಗ ವಾರಂಗಲ್. 1851ರ ಲಂಡನ್ ಮಹಾ ಪ್ರದರ್ಶನಕ್ಕ ವಾರಂಗಲ್ಲಿನ ರತ್ನಗಂಬಳಿ ಹೋಗಿದ್ದವು. ಅಲ್ಲಿ ಜಮಖಾನಿಗೆ 2018ರಾಗ ಜಿಐ ಗುರುತೂ (ಊರಿನ ಹೆಸರಿನ ಸರಕಿಗೆ ಸರಕಾರ ಕೊಡೋದು) ಬಂತು. ಹಿಂಗಾಗಿ ನಿಮ್ಮ ಪಟ್ಟಿ ಜಮಖಾನಿ ವಾರಂಗಲ್ಲಿಂದು ಅಂತ ನನ್ನ ಲೆಕ್ಕ.

ಬಳ್ಳಾರಿ ಬಿಸ್ಲು · 8:25

ವಾರಂಗಲ್ ಎಷ್ಟು ದೂರ, ಆದೋನಿ ಎಷ್ಟು ಹತ್ರ! ನಮ್ಮ ತಾತ ಜಮಖಾನ ಅಂತಾನೇ ಅಂತಿರಲಿಲ್ಲ, "ಆದೋನಿ ಹಾಸು" ಅಂತಿದ್ರು. ಈಗಿನ ಹುಡುಗರಿಗೆ ಆದೋನಿ ಅಂದ್ರೆ ಆಂಧ್ರ. 1953ರ ಅಕ್ಟೋಬರ್ 1ರ ತನಕ ಅದು ನಮ್ಮ ಬಳ್ಳಾರಿ ಜಿಲ್ಲೆದೇ ತಾಲ್ಲೂಕು. ಆವತ್ತು ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದ್ವು. ಬ್ರಿಟಿಷರ ಕಾಲದ ವಿಶ್ವಕೋಶದಾಗೆ ಆದೋನಿ ಅಂತ ತೆಗೆದ್ರೆ ಹಾಸುಗಂಬಳಿ, ರೇಷ್ಮೆ, ಹತ್ತಿ ಬಟ್ಟೆ ಮಾಡೋ ಊರು ಅಂತ ಬರೆದೈತೆ. ಕರಿ ಭೂಮಿ ಹತ್ತಿ, ಜಿನ್ನಿಂಗು, ಪ್ರೆಸ್ಸು ಎಲ್ಲಾ ಅಲ್ಲೇ. ಹತ್ತಿ ಇದ್ದಲ್ಲಿ ಜಮಖಾನ.

ನಮ್ಮನೇಲಿ ಒಂದು ಐತೆ, ನೀಲಿ ಬಿಳಿ ಪಟ್ಟಿ. ಅಣ್ಣನ ಮದುವೇಲಿ ಅದರ ಮೇಲೆ ನಾಲ್ಕು ಪಂಕ್ತಿ ಊಟ ಆಗೈತೆ, ಸಾರು ಚೆಲ್ಲಿದ ಕಲೆ ಇನ್ನೂ ಐತೆ.

ರಾಯಚೂರು ಕಾಗದ · 8:41

ಹತ್ರ ಹೌದು. ಆದ್ರ ನಡುವ ತುಂಗಭದ್ರಾ, ಹೊಳಿ ಆ ಕಡಿ ಬ್ರಿಟಿಷ್, ಈ ಕಡಿ ನಿಜಾಮ. ಕರೋಡಗಿರಿ ನಾಕಾದಾಗ ಸುಂಕ ಕಟ್ಟಿ ಯಾರು ಜಮಖಾನಿ ತರ್ತಾರ?

ಬಳ್ಳಾರಿ ಬಿಸ್ಲು · 8:44

ಹೊಳೆ ದಾಟಿ ಹೆಣ್ಣು ತರ್ತಿದ್ರು, ಜಮಖಾನ ತರಲ್ವಾ?

ಸುಮ್ನೆ ಓದುಗ · 8:46

ಜಮಖಾನಿ ಕೇಳಿದ್ರೆ ಭಾಷಾವಾರು ಪ್ರಾಂತ್ಯ ರಚನೆಗೆ ಹೋದ್ರಲ್ಲಪ್ಪ.

ಮಗಳ ಮಗಳು (ಗಂಗಾವತಿ) · ಸೋಮವಾರ ಮಧ್ಯಾಹ್ನ 2:30

ನಮ್ಮ ತಾಯಿಯ ತವರು ನವಲಗುಂದ. ಯಾರೂ ಆ ಊರಿನ ಹೆಸರು ಎತ್ತಲಿಲ್ಲ ಅಂತ ಬರೀತಿದೀನಿ.

ನಮ್ಮ ಹಿರಿಯರು ಮೊದಲು ವಿಜಯಪುರದಲ್ಲಿದ್ದರಂತೆ, ಆದಿಲಶಾಹಿ ಮುಗಿದ ಮೇಲೆ ಬಂದವರು ಅಂತ ಮನೆಯಲ್ಲಿ ಹೇಳ್ತಾರೆ. ಮಗ್ಗ ಗೋಡೆಗೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿರುತ್ತೆ, ಹೆಂಗಸರು ಅದರ ಮುಂದೆ ಕೂತು ನೇಯ್ತಾರೆ. ಹೊಕ್ಕು, ಅಂದರೆ ಅಡ್ಡ ನೂಲು, ಹಾಕಿ ಹಾಕಿ ಕಬ್ಬಿಣದ ಪಂಜಾದಲ್ಲಿ ಕುಟ್ಟಿ ಕೂರಿಸ್ತಾರೆ. ನಮ್ಮ ನಾನಿಯ ಮನೆಯಲ್ಲಿ ಬೆಳಗಿನ ಜಾವದ ಸದ್ದು ಅದೇ, ದಡ್ ದಡ್ ದಡ್. ನಾನು ಚಿಕ್ಕವಳಿದ್ದಾಗ ನನಗೆ ಅಲಾರಾಂ ಬೇಕಿರಲಿಲ್ಲ.

ನವಲಗುಂದದ್ದು ಗುರುತು ಹಿಡಿಯೋದು ಸುಲಭ. ನವಿಲು ಇರುತ್ತೆ, ಪಗಡೆ ಹಾಸಿನ ಹಾಗೆ ಮನೆ ಮನೆ ಇರುತ್ತೆ. ಒಂದು ಬಣ್ಣದ ನೂಲು ಅಂಚಿಂದ ಅಂಚಿಗೆ ಓಡೋದಿಲ್ಲ, ತನ್ನ ಮನೆ ಮುಗಿದ ಕಡೆ ತಿರುಗಿ ವಾಪಸ್ ಬರುತ್ತೆ. ಎರಡೂ ಮಗ್ಗಲು ಒಂದೇ ಥರ, ಹಾಗಾಗಿ ಬೆನ್ನು ನೋಡಪ್ಪನವರಿಗೆ ಇಲ್ಲಿ ಕೆಲಸ ಇಲ್ಲ. ಬರೀ ಪಟ್ಟಿ ಅಂದರೆ ನೂಲು ಈ ಕಡೆಯಿಂದ ಆ ಕಡೆ ಸೀದಾ ಓಡಿದೆ. ಅದನ್ನು ಯಾವ ಊರಲ್ಲಾದರೂ ನೇಯಬಹುದು. ನಮ್ಮದು ಅಂತ ನಾನು ಹೇಳಲ್ಲ. ನಮ್ಮದಕ್ಕೆ 2011ರಲ್ಲಿ ಜಿಐ ಬಂತು, ನೇಯೋ ಕೈಗಳು ಮಾತ್ರ ಬೆರಳಲ್ಲಿ ಎಣಿಸೋ ಹಾಗೆ ಆಗಿವೆ.

ಕೈ ಯಾಕೆ ಕಡಿಮೆ ಆಯ್ತು ಅಂತ ಕೇಳ್ತೀರಾ? ನಮ್ಮಲ್ಲಿ ಸೊಸೆಗೆ ಕಲಿಸ್ತಿದ್ರು, ಮಗಳಿಗೆ ಕಲಿಸ್ತಿರಲಿಲ್ಲ. ಮಗಳು ಬೇರೆ ಮನೆಗೆ ಹೋಗ್ತಾಳೆ, ಕಸುಬೂ ಜೊತೆಗೆ ಹೋಗುತ್ತೆ ಅಂತ. ನಮ್ಮ ತಾಯಿ ಮಗಳು, ನಾನು ಮಗಳ ಮಗಳು. ಆ ಮಗ್ಗದ ಪಕ್ಕ ಬೆಳೆದವಳು ನಾನು, ಒಂದು ಪಟ್ಟಿ ಕೂಡ ನೇಯೋಕೆ ಬರಲ್ಲ.

ಅಟ್ಟದ ಸಾಮಾನು · ಸೋಮವಾರ ರಾತ್ರಿ 9:15

ಅಕ್ಕಾರ, ನೀವು ಬರದಿದ್ದು ಓದಿ ಜಮಖಾನಿ ಪೂರ್ತಿ ಬಿಚ್ಚಿ ನೋಡಿದೆ. ನವಿಲು ಇಲ್ಲ, ಪಗಡಿ ಇಲ್ಲ. ಆದ್ರ ಒಂದು ಮೂಲ್ಯಾಗ ಕರಿ ದಾರದಿಂದ ಏನೋ ಹೊಲದಾರ. ಫೋಟೋ ಹಾಕೀನಿ. ಮೊದಲು ಒಂದು ಗುಡಸಲ ಆಕಾರ, ಆಮ್ಯಾಲ ಎರಡು ಕೊಕ್ಕಿ, ಕಡೀಕ ಒಂದು ಗೀಟು. ಧೋಬಿ ಗುರುತೇನ್ರಿ?

ರಾಯಚೂರು ಕಾಗದ · 9:32

ಫೋಟೋ ತಲಿ ಕೆಳಗ ಹಾಕೀರಿ. ತಿರುವಿ ನೋಡ್ರಿ. ಗೀಟು ಮೊದಲಿಗೆ ಬರ್ತದ, ಕೊಕ್ಕಿಗೆ ಮ್ಯಾಲ ಹಲ್ಲು ಬರ್ತಾವ, ಗುಡಸಲು ಇಂಗ್ಲಿಷಿನ ವಿ ಆಗ್ತದ. ಇವು ಉರ್ದು ಅಂಕಿ. 1337.

ನಾ ಹಳೇ ಖರೀದಿ ಪತ್ರ ಓದಿ ಕೊಡೋ ಮನುಷ್ಯ, ಇಂಥಾವು ದಿನಾ ನೋಡ್ತೀನಿ. ಇದು ವರ್ಷ.

ಸುಮ್ನೆ ಓದುಗ · 9:34

1337? ವಿಜಯನಗರ ಶುರುವಾದದ್ದೇ 1336ರಲ್ಲಿ! ಹಕ್ಕ ಬುಕ್ಕ ಕೂತ ಜಮಖಾನಿ!!

ರಾಯಚೂರು ಕಾಗದ · 9:50

ನಗಬ್ಯಾಡ್ರಿ, ಇಂಥಾ ಲೆಕ್ಕದ ಮ್ಯಾಲ ಸಾಮಾನು ಮಾರೋವ್ರು ಅದಾರ. ಇದು ಇಸವಿ ಅಲ್ಲ. ಎರಡು ದಾರಿ ಅವ. ಹಿಜರಿ ಅಂದ್ರ 1337 ಶುರು ಆಗೋದು 1918ರ ಅಕ್ಟೋಬರಿಗೆ. ಫಸಲಿ ಅಂದ್ರ 590 ಕೂಡಿಸ್ರಿ, 1927. ನಿಜಾಮ ರಾಜ್ಯದಾಗ ಕಂದಾಯ, ಕಚೇರಿ, ಪಹಣಿ ಎಲ್ಲಾ ಫಸಲಿ ಮ್ಯಾಲ ನಡೀತಿತ್ತು. ನಮಾಜು, ಉರುಸು, ಮನಿ ಮದುವಿ ಹಿಜರಿ ಮ್ಯಾಲ. ನಿಮ್ಮ ಅಜ್ಜಿ ತವರಿನವರು ಏನು ಮಾಡ್ತಿದ್ರು?

ಅಟ್ಟದ ಸಾಮಾನು · 9:58

ಅಜ್ಜಿ ಅಪ್ಪ ಕುಷ್ಟಗಿ ತಾಲೂಕಿನ್ಯಾಗ ಪಟವಾರಿ, ಅಂದ್ರ ಊರ ಕಂದಾಯದ ಲೆಕ್ಕ ಬರಿಯೋವ್ರು, ಇದ್ದರಂತ್ರಿ. ಉರ್ದು ಬರೀತಿದ್ರು ಅಂತ ಅವ್ವ ಹೇಳ್ತಾಳ.

ರಾಯಚೂರು ಕಾಗದ · 10:04

ಮುಗೀತು. ಪಟವಾರಿ ಕೈ ಹೊಲಿಸಿದ್ದು ಅಂದ್ರ ಫಸಲಿ. 1927-28. ಆಗ ಊರಾಗ ಮದುವಿ ಅಂದ್ರ ಒಂದು ಮನಿ ಜಮಖಾನಿ ನಾಕು ಮನಿಗೆ ಹೋಗ್ತಿತ್ತು, ವಾಪಸ್ ಬರೋ ಮುಂದ ಅದಲು ಬದಲು ಆಗಬಾರದು ಅಂತ ಗುರುತು ಹಾಕ್ತಿದ್ರು.

ಬೆನ್ನು ನೋಡಪ್ಪ · ಮಂಗಳವಾರ ಬೆಳಿಗ್ಗೆ 6:30

ಕಾಗದದವರ ಓದಿಗೆ ಕೈ ಮುಗಿದೆ. ಆದರೆ ಎರಡು ಮಾತು ನಡುವೆ ಬರುತ್ತವೆ.

ಒಂದು, ಹೊಲಿದ ವರ್ಷ ನೇಯ್ದ ವರ್ಷವಲ್ಲ. ಮಗ್ಗದ ಮೇಲೆಯೇ ನೇಯ್ದಿದ್ದರೆ ಬೇರೆ ಮಾತು. ಇದು ಸೂಜಿ ಕೆಲಸ, ಅದಕ್ಕೂ ಮೊದಲು ಜಮಖಾನಿ ಎಷ್ಟು ಮದುವೆ ನೋಡಿತ್ತೋ.

ಎರಡನೆಯದು ನನಗೆ ನಿದ್ದೆ ಕೆಡಿಸಿದ್ದು. ನಾಲ್ಕೂ ಮೂಲೆಯ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರು ಮೂಲೆ ಸವೆದು ಹಾಸು ಹೊರಗೆ ಬಂದಿದೆ. ಅಂಕಿ ಇರುವ ಮೂಲೆ ಮಾತ್ರ ಮಗ್ಗದಿಂದ ನಿನ್ನೆ ಇಳಿಸಿದ ಹಾಗಿದೆ, ನೀಲಿಯೂ ಅಲ್ಲಿ ಗಾಢ. ಒಂದೇ ಜಮಖಾನಿ, ಒಂದೇ ಮನೆ, ಒಂದು ಮೂಲೆ ಹೇಗೆ ಸವೆಯದೆ ಉಳಿಯಿತು? ರತ್ನಗಂಬಳಿ ಪೇಟೆಯಲ್ಲಿ ತಾರೀಖಿನ ಆಟ ಹಳೆಯದು. ಹಿಜರಿ ಅಂಕಿಯಲ್ಲಿ ಒಂದೆರಡು ಗಂಟು ಕಿತ್ತು ಬೇರೆ ಬಣ್ಣ ಕಟ್ಟಿದರೆ ನೂರು ವರ್ಷ ಹೆಚ್ಚಾಗುತ್ತದೆ. ನಿಮ್ಮ ಮನೆಯವರ ಮೇಲೆ ಅನುಮಾನವಲ್ಲ, ಬೇಜಾರಾಗಬೇಡಿ. ಮೂಲೆ ಬೇರೆ ತುಂಡು ತಂದು ಸೇರಿಸಿದ್ದೋ ಅಂತ ಹೊಲಿಗೆ ಹುಡುಕಿ.

ಅಟ್ಟದ ಸಾಮಾನು · 7:20

ಹುಡುಕಿದೆ. ಜೋಡಣಿ ಇಲ್ರಿ, ನೂಲು ಸೀದಾ ಓಡೈತಿ. ಯಾಕ ಸವದಿಲ್ಲ ಗೊತ್ತಿಲ್ಲ.

ಬಳ್ಳಾರಿ ಬಿಸ್ಲು · 7:45

ಇದಕ್ಕೇ ಆ ವ್ಯಾಪಾರಿ "ಹಂಗೇ ಕೊಡಿ" ಅಂದನಾ? ಮೂಲೆ ನೋಡಿದ್ದನೇನೋ!

ರಾಯಚೂರು ಕಾಗದ · 8:10

ನೋಡಿರಲಿಕ್ಕಿಲ್ಲ. ಗಲೀಚ ಬಸ್ಸಿನಾಗ ಒಯ್ಯಬೇಕಂದ್ರ ಸುತ್ತಲಿಕ್ಕ ಏನರ ಬೇಕಲ್ಲ. ಎಲ್ಲಾರನೂ ಕಳ್ಳರು ಮಾಡಬ್ಯಾಡ್ರಿ. ಆದ್ರ ಕಾಯ್ದೆ ಗೊತ್ತಿರಲಿ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ಸಾಮಾನು ಪುರಾತನ ವಸ್ತು. ಅದರ ವ್ಯಾಪಾರ ಮಾಡೋವ್ರಿಗೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗ ಕಳಿಸೋ ಹಂಗಿಲ್ಲ. ನಿಮ್ಮ 1337 ಹಿಜರಿ ಆದ್ರ ನೂರು ದಾಟಿ ಕುಂತದ, ಫಸಲಿ ಆದ್ರ ಹೊಸ್ತಿಲ ಮ್ಯಾಲ ಅದ. ಒಂದು ಪಂಚಾಂಗದ ಫರಕಿನಾಗ ಕಾನೂನೇ ಬದಲಾಗ್ತದ ನೋಡ್ರಿ.

ಸುಮ್ನೆ ಓದುಗ · 8:15

ಎಲ್ಲಾ ಸರಿ. ರೇಟು ಹೇಳ್ರಿ ಯಾರಾದ್ರೂ.

ಬೆನ್ನು ನೋಡಪ್ಪ · ಮಂಗಳವಾರ ಮಧ್ಯಾಹ್ನ 1:00

ರೇಟು ಕೇಳುವವರಿಗೆ ಮೊದಲು ಒಂದು ಹುಚ್ಚು ರೇಟು. 2013ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಹದಿನೇಳನೇ ಶತಮಾನದ ಒಂದು ಪರ್ಷಿಯನ್ ರತ್ನಗಂಬಳಿ 3.37 ಕೋಟಿ ಡಾಲರಿಗೆ ಹೋಯಿತು. ಕುಡುಗೋಲಿನಂತೆ ಬಾಗಿದ ಎಲೆಗಳ ಚಿತ್ರ, ಉದ್ದ ಒಂಬತ್ತು ಅಡಿಯೂ ಇಲ್ಲ. ಇದನ್ನು ಓದಿದವರೆಲ್ಲ ತಮ್ಮ ಮನೆಯ ಅಟ್ಟ ಹತ್ತುತ್ತಾರೆ, ಅದೇ ತೊಂದರೆ.

ನಿಮ್ಮ ಗಲೀಚಕ್ಕೆ 40 ಸಾವಿರ ಅನ್ನುವುದು ಕಡಿಮೆ ಬೆಲೆಯಲ್ಲ, ಒಳ್ಳೆಯ ಬೆಲೆ. 150 ವರ್ಷದ ತುರ್ಕಮೆನ್ ಎಂದು ನಿಜವಾಗಿ ನಂಬಿದ್ದರೆ ಆತ ಅಷ್ಟಕ್ಕೇ ಕೇಳುತ್ತಿರಲಿಲ್ಲ. ಬಣ್ಣ ಬಿಡುತ್ತದೆ ಎಂದು ನೀವೇ ಹೇಳಿ ಕೊಡಿ, ಮನಸ್ಸು ಹಗುರ. ಜಮಖಾನಿಗೆ ಪೇಟೆಯಲ್ಲಿ ದೊಡ್ಡ ಬೆಲೆ ಸಿಗುವುದಿಲ್ಲ. ಹತ್ತಿಯ ಪಟ್ಟಿ ಜಮಖಾನಿಯನ್ನು ಸಂಗ್ರಹಿಸುವವರು ಕಡಿಮೆ, ಉಳಿದಿರುವುದೂ ಕಡಿಮೆ, ಯಾಕೆಂದರೆ ಹರಿಯುವ ತನಕ ಬಳಸಿ ಆಮೇಲೆ ಎತ್ತಿಗೆ ಹೊದಿಸಿ, ಅದೂ ಹರಿದ ಮೇಲೆ ಒರೆಸುವ ಬಟ್ಟೆ ಮಾಡಿದೆವು. ಊರು, ಮನೆ, ವರ್ಷ ಮೂರೂ ಗೊತ್ತಿರುವ ಜಮಖಾನಿಯನ್ನು ಇಷ್ಟು ವರ್ಷದಲ್ಲಿ ನಾನು ನೋಡಿಯೇ ಇಲ್ಲ. ಇಲ್ಲೂ ನೇಯ್ದ ಊರು ಯಾವುದು ಅಂತ ರಾಯಚೂರು, ಬಳ್ಳಾರಿ ಇನ್ನೂ ಜಗಳಾಡುತ್ತಿವೆ, ಇರಲಿ.

ಯಾವುದನ್ನು ಇಟ್ಟುಕೊಂಡರೂ ಮಡಚಬೇಡಿ, ಸುತ್ತಿಡಿ. ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಸೀರೆ ಸಾಕು. ಕೋಲಿನಿಂದ ಬಡಿಯಬೇಡಿ, ಮುಖ ಕೆಳಗೆ ಮಾಡಿ ನೆಲಕ್ಕೆ ಹಾಸಿ ಒಂದು ದಿನ ಮೇಲೆ ಓಡಾಡಿ, ನಮ್ಮ ಕಡೆಯ ದೂಳೆಲ್ಲ ತಾನೇ ಇಳಿಯುತ್ತದೆ. ನುಸಿಗೆ ನಿಮ್ಮ ಅಜ್ಜಿಯ ಬೇವಿನ ಎಲೆ ಸರಿ, ಪ್ರತಿ ವರ್ಷ ಬದಲಾಯಿಸಿ, ಜೊತೆಗೆ ಒಮ್ಮೆ ಬಿಚ್ಚಿ ಬಿಸಿಲು ತೋರಿಸಿ.

ಹಿಂಡಿನ ಹಿಂದ · 1:20

ಕಾಲವಿಗೆ ಒಯ್ದು ತೊಳೀಬ್ಯಾಡ್ರಿ ಅಂತನೂ ಹೇಳ್ರಿ ಸರ. ನಮ್ಮ ಮಾವ ಎಡದಂಡಿ ಕಾಲವ್ಯಾಗ ಸರ್ಫ್ ಹಾಕಿ ಕಲ್ಲಿಗೆ ಬಡದು ಗಲೀಚ ತೊಳದಿದ್ದ. ಕಾಲವಿ ಒಂದು ಫರ್ಲಾಂಗು ಕೆಂಪ ಹರೀತು. ಕೆಳಗ ಎಮ್ಮಿ ತೊಳಿಯೋವ್ರು ಓಡಿ ಬಂದ್ರು, ಯಾರಿಗೆ ಏನಾತೋ ಅಂತ.

ಅಟ್ಟದ ಸಾಮಾನು · ಭಾನುವಾರ ರಾತ್ರಿ 10:10

ಐದು ದಿನ ಬರ್ಯಾಕ ಆಗಲಿಲ್ಲ, ಮನ್ಯಾಗ ಮಂದಿ ಇದ್ರು. ನಿನ್ನೆ ವರ್ಷದ ದಿನ ಮುಗೀತು.

ವ್ಯಾಪಾರಿ ಫೋನ್ ಮಾಡಿದ್ದ. ಹತ್ತಿ ಹಾಸು, ಬಣ್ಣ ಬಿಡ್ತೈತಿ, ಬುಖಾರಾ ಅಲ್ಲ ಅಂತ ನಾನ ಹೇಳಿದೆ. ನಕ್ಕು "ಗೊತ್ತೈತಿ ಬಿಡ್ರಿ" ಅಂದ, 32ಕ್ಕ ಬಂದ. ದೊಡ್ಡಪ್ಪ ಕೊಡಣು ಅಂದ್ರು, ಬರೋ ವಾರ ಒಯ್ತಾನ. ಜಮಖಾನಿ ಇಲ್ಲ ಅಂದೆ. ಸುತ್ತಾಕ ಎರಡು ಗೋಣಿಚೀಲ ಕೊಡ್ತೀನಿ ಅಂದೆ, ಆಗಲಿ ಅಂದ.

ನಿನ್ನೆ ಊಟದ ಪಂಕ್ತಿಗೆ ಅದನ್ನ ಹಾಸಿದ್ವಿ. ಎಷ್ಟೋ ವರ್ಷದ ಮ್ಯಾಲ. ನಾನು ಹಾಸಿ ಸರಿ ಮಾಡಾಕತ್ತಿದ್ದೆ, ನಮ್ಮವ್ವ ಅಡಗಿ ಮನಿಯಿಂದ ಬಂದಾಕಿನ ಒಂದು ಮೂಲಿ ಹಿಡದು ಒಳಗ ಮಡಚಿ, ಅದರ ಮ್ಯಾಲ ನೀರಿನ ತಂಬಿಗಿ ಇಟ್ಟಳು. ಅಂಕಿ ಇದ್ದ ಮೂಲಿ. ಯಾಕವ್ವಾ ಅಂದೆ. ಆಕಿಗೂ ಅದು ವರ್ಷ ಅಂತ ಗೊತ್ತಿಲ್ಲ, ಉರ್ದು ಅಂತನೂ ಗೊತ್ತಿಲ್ಲ.

"ಅಜ್ಜಿ ಯಾವಾಗ್ಲೂ ಹಿಂಗ ಮಾಡ್ತಿದ್ಲು. ಅಲ್ಲೆ ಅಕ್ಷರ ಅದಾವು, ತುಳೀಬಾರದು" ಅಂದ್ಲು.

ಬೆನ್ನು ನೋಡಪ್ಪ · 10:22

ಮೂಲೆಯ ಲೆಕ್ಕ ಸಿಕ್ಕಿತು. ನನ್ನ ಅನುಮಾನ ವಾಪಸ್.